ಸೇವಂತಿಗೆ ಮೊಗ್ಗು ಬಿಡಲಿಲ್ಲ, ಲೀಬಿಗ್ ಸಿಕ್ಕಿದ

ಹೋದ ವರ್ಷ ರಾಜ್ಯೋತ್ಸವಕ್ಕೆ ವೇದಿಕೆ ಮುಂದೆ ನಾವೇ ಬೆಳೆಸಿದ ಸೇವಂತಿಗೆ ಕುಂಡಗಳನ್ನ ಇಡಬೇಕು ಅಂತ ನಮ್ಮ ಸಂಘದಲ್ಲಿ ತೀರ್ಮಾನ ಆಗಿತ್ತು. ಹಳದಿ ಒಂದು ಸಾಲು, ಕೆಂಪು ಒಂದು ಸಾಲು. ಸೀನಿಯರ್‌ಗಳು ಜುಲೈನಲ್ಲೇ ಸಸಿ ತಂದು ಹಾಸ್ಟೆಲ್ ಮುಂದಿನ ಕಟ್ಟೆ ಮೇಲೆ ಇಟ್ಟಿದ್ರು. ನಾವು ಫಸ್ಟ್ ಇಯರ್‌ಗೆ ಬಂದು ಸೇರಿದ ಮೇಲೆ ನೀರು, ಗೊಬ್ಬರದ ಡ್ಯೂಟಿ ನಮ್ಮ ತಲೆಗೆ ಬಂತು. ನಾವು ಕೆಮಿಸ್ಟ್ರಿ ಸೈಕಲ್‌ನವರು ಬೇರೆ, ಗೊಬ್ಬರದ ವಿಷಯ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಅನ್ನೋ ಧೈರ್ಯ. ವಾರಕ್ಕೊಮ್ಮೆ ಚಿಟಿಕೆ ಯೂರಿಯಾ, ಹದಿನೈದು ದಿನಕ್ಕೊಮ್ಮೆ ಅಂಗಡಿಯವರು ನೈನ್‌ಟೀನ್ ಆಲ್ ಅಂತ ಕೊಡೋ 19:19:19 ಪುಡಿ. ಅಕ್ಟೋಬರ್ ಕೊನೆಗೆ ಗಿಡಗಳು ಮೊಣಕಾಲೆತ್ತರ ಬೆಳೆದು ಕಡು ಹಸಿರಾಗಿ ನಿಂತಿದ್ವು. ಮೊಗ್ಗು ಮಾತ್ರ ಒಂದೂ ಇಲ್ಲ. ಅಕ್ಟೋಬರ್ 31ರ ರಾತ್ರಿ ಮಾರ್ಕೆಟ್‌ಗೆ ಓಡಿ ಚೆಂಡುಹೂವು ತಂದು ಮಾನ ಉಳಿಸಿಕೊಂಡ್ವಿ. ಅವತ್ತಿಂದ ನಮ್ಮ ಬ್ಯಾಚ್‌ಗೆ ಗೊಬ್ಬರ ಸಂಘ ಅಂತ ಹೆಸರು.

ಯಾಕೆ ಹೀಗಾಯ್ತು ಅಂತ ಹುಡುಕ್ತಾ ಹೋದಾಗ ಎಲ್ಲಿ ನೋಡಿದ್ರೂ ಒಂದೇ ಹೆಸರು ಬರ್ತಿತ್ತು, ಯುಸ್ಟಸ್ ಫಾನ್ ಲೀಬಿಗ್. ನಮಗೆ ಈ ಹೆಸರು ಪಿಯು ಲ್ಯಾಬ್‌ನ ಲೀಬಿಗ್ ಕಂಡೆನ್ಸರ್‌ನಿಂದ ಗೊತ್ತಿತ್ತು ಅಷ್ಟೆ. ತಮಾಷೆ ಅಂದ್ರೆ ಆ ಕಂಡೆನ್ಸರ್ ಕಂಡುಹಿಡಿದಿದ್ದು ಅವನಲ್ಲ, ಅವನು ಅದನ್ನ ಬಳಕೆಗೆ ತಂದ, ಹೆಸರು ಅಂಟಿಕೊಂಡ್ತು. ಅವನ ಜೀವನದಲ್ಲಿ ಈ ತರಹದ್ದು ಇನ್ನೂ ಒಂದಿದೆ, ಆಮೇಲೆ ಹೇಳ್ತೀವಿ.

ಲೀಬಿಗ್ ಹುಟ್ಟಿದ್ದು 1803ರ ಮೇ 12ರಂದು, ಜರ್ಮನಿಯ ಡಾರ್ಮ್‌ಸ್ಟಾಟ್ ಊರಲ್ಲಿ. ಅಪ್ಪನಿಗೆ ಬಣ್ಣ, ವಾರ್ನಿಷ್, ರಾಸಾಯನಿಕಗಳ ಅಂಗಡಿ. ಮಾರುವ ಸಾಮಾನಿನಲ್ಲಿ ಕೆಲವನ್ನ ಅಪ್ಪನೇ ಮನೆಯಲ್ಲಿ ಕುದಿಸಿ ಕಾಸಿ ತಯಾರು ಮಾಡ್ತಿದ್ದ, ಮಗ ಪಕ್ಕದಲ್ಲೇ ನಿಂತು ನೋಡ್ತಿದ್ದ. ಸ್ಕೂಲಲ್ಲಿ ಅವನು ದಡ್ಡ. ಆ ಕಾಲದ ಓದು ಅಂದ್ರೆ ಲ್ಯಾಟಿನ್ ಬಾಯಿಪಾಠ, ಅದು ಇವನ ತಲೆಗೆ ಹತ್ತುತ್ತಿರಲಿಲ್ಲ. ಮುಂದೆ ಏನಾಗ್ತೀಯ ಅಂತ ಮೇಷ್ಟ್ರು ಕೇಳಿದಾಗ ಕೆಮಿಸ್ಟ್ ಆಗ್ತೀನಿ ಅಂದಿದ್ದಕ್ಕೆ ಇಡೀ ಕ್ಲಾಸ್ ನಕ್ಕಿತ್ತಂತೆ. ಹಾಗಂತ ಒಂದು ಓದುವ ವಿಷಯ ಇದೆ ಅಂತಲೇ ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಊರ ಜಾತ್ರೆಯಲ್ಲಿ ಒಬ್ಬ ವ್ಯಾಪಾರಿ ಪಟಾಕಿ ಆಟಿಕೆಗೆ ಬೆಳ್ಳಿಯ ಫಲ್ಮಿನೇಟ್ ತಯಾರಿಸೋದನ್ನ ಈ ಹುಡುಗ ನೋಡಿಕೊಂಡು ಬಂದ, ಮನೆಯಲ್ಲಿ ತಾನೂ ಮಾಡಿದ. ಸ್ವಲ್ಪ ತಿಕ್ಕಿದ್ರೂ ಸಿಡಿಯೋ ವಸ್ತು ಅದು. ಆಮೇಲೆ ಹೆಪೆನ್‌ಹೈಮ್ ಊರಿನ ಔಷಧಿ ಅಂಗಡಿಗೆ ಅವನನ್ನ ಕೆಲಸ ಕಲಿಯೋಕೆ ಸೇರಿಸಿದ್ರು. ಅಲ್ಲಿ ಅಟ್ಟದಲ್ಲಿ ಇದೇ ಪ್ರಯೋಗ ಮಾಡಿ ಕಿಟಕಿ ಹಾರಿಸಿದ್ದಕ್ಕೆ ಮನೆಗೆ ಕಳಿಸಿದ್ರು ಅನ್ನೋದು ಪ್ರಸಿದ್ಧ ಕಥೆ. ಅಪ್ಪನಿಗೆ ಫೀಸ್ ಕಟ್ಟೋಕಾಗದೆ ವಾಪಸ್ ಕರೆಸಿಕೊಂಡ ಅಂತಲೂ ಹೇಳ್ತಾರೆ. ನಮಗೆ ಎರಡನೆಯದೇ ನಿಜ ಇರಬಹುದು ಅನ್ಸುತ್ತೆ, ಮೊದಲನೆಯದು ಹಾಸ್ಟೆಲ್‌ನಲ್ಲಿ ಸೀನಿಯರ್‌ಗಳು ಹೇಳೋ ಕಥೆ ತರಹ ಸ್ವಲ್ಪ ಜಾಸ್ತಿನೇ ಚೆನ್ನಾಗಿದೆ.

ಅವನ ಹದಿಮೂರನೇ ವಯಸ್ಸಿನಲ್ಲಿ ಆಗಿದ್ದನ್ನ ಇಲ್ಲಿ ಹೇಳಲೇಬೇಕು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಆಕಾಶಕ್ಕೆ ಹೋದ ಧೂಳು, ಗಂಧಕದ ಆವಿ ಸೂರ್ಯನ ಬೆಳಕನ್ನ ತಡೆದು, 1816ರಲ್ಲಿ ಯುರೋಪ್‌ಗೆ ಬೇಸಿಗೆಯೇ ಬರಲಿಲ್ಲ. ಮಳೆ, ಚಳಿ, ಹೊಲದಲ್ಲೇ ಕೊಳೆತ ಫಸಲು. ಜರ್ಮನಿಯಲ್ಲಿ ಜನ ಹಸಿವಿನಿಂದ ಸತ್ತರು. ಮುಂದೆ ಮಣ್ಣು, ಬೆಳೆ ಅಂತ ಅವನು ಅಷ್ಟು ತಲೆ ಕೆಡಿಸಿಕೊಂಡಿದ್ದಕ್ಕೆ ಬಾಲ್ಯದ ಈ ಹಸಿವೂ ಕಾರಣ ಅಂತ ಅವನ ಬಗ್ಗೆ ಬರೆದವರು ಹೇಳ್ತಾರೆ.

ಓದು ಬಾನ್‌ನಲ್ಲಿ, ಎರ್ಲಾಂಗೆನ್‌ನಲ್ಲಿ. ವಿದ್ಯಾರ್ಥಿ ಗಲಾಟೆಯಲ್ಲಿ ಸಿಕ್ಕಿಹಾಕಿಕೊಂಡು ಅಲ್ಲಿಂದ ಹೊರಟ, ಹೆಸ್ಸೆಯ ದೊರೆ ಕೊಟ್ಟ ಸ್ಕಾಲರ್‌ಶಿಪ್‌ನಲ್ಲಿ 1822ರಲ್ಲಿ ಪ್ಯಾರಿಸ್ ಸೇರಿದ. ಅಲ್ಲಿ ಅದೇ ಹಳೇ ಫಲ್ಮಿನೇಟ್ ಕೈ ಹಿಡೀತು. ಅದರ ಬಗ್ಗೆ ಅವನ ಕೆಲಸ ನೋಡಿ ಮೆಚ್ಚಿದ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್, ಅವನನ್ನ ಗೇ ಲುಸಾಕ್ ಹತ್ತಿರ ಸೇರಿಸಿದ. ಹೌದು, ಗ್ಯಾಸ್ ಲಾದ ಅದೇ ಗೇ ಲುಸಾಕ್. ಹೊಸದೇನಾದರೂ ಸಿಕ್ಕ ದಿನ ಗುರು ಶಿಷ್ಯ ಇಬ್ಬರೂ ಲ್ಯಾಬ್‌ನಲ್ಲೇ ಕುಣೀತಿದ್ರಂತೆ. 1824ರಲ್ಲಿ ಹಂಬೋಲ್ಟ್‌ನ ಶಿಫಾರಸಿನ ಮೇಲೆ ಗೀಸೆನ್ ಅನ್ನೋ ಚಿಕ್ಕ ಊರಿನ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದ. ವಯಸ್ಸು 21. ನಮ್ಮಲ್ಲಿ ಆ ವಯಸ್ಸಿಗೆ ಪ್ಲೇಸ್‌ಮೆಂಟ್‌ಗೆ ರೆಸ್ಯೂಮ್ ತಿದ್ದುತ್ತಾ ಕೂತಿರ್ತೀವಿ.

ಗೀಸೆನ್‌ನಲ್ಲಿ ಅವನಿಗೆ ಸಿಕ್ಕಿದ್ದು ಖಾಲಿ ಬಿದ್ದಿದ್ದ ಸೈನಿಕರ ಬ್ಯಾರಕ್‌ನ ಕಾವಲು ಮನೆ. ಅದನ್ನೇ ಲ್ಯಾಬ್ ಮಾಡಿಕೊಂಡ. ಇವತ್ತು ನಾವು ಏಪ್ರನ್ ಹಾಕಿಕೊಂಡು, ಪ್ರತಿಯೊಬ್ಬರಿಗೂ ಒಂದು ಜಾಗ, ಒಂದು ಪ್ರಯೋಗ ಅಂತ ಲ್ಯಾಬ್ ಮಾಡ್ತೀವಲ್ಲ, ಆ ಪದ್ಧತಿ ಗಟ್ಟಿಯಾಗಿ ಬೇರು ಬಿಟ್ಟಿದ್ದು ಅಲ್ಲೇ. ಪ್ರತಿ ವಿದ್ಯಾರ್ಥಿಗೂ ಅವನದೇ ಆದ ಸಂಶೋಧನೆಯ ಪ್ರಶ್ನೆ, ಬೆಳಗಿಂದ ಕತ್ತಲಾಗುವವರೆಗೆ ಕೆಲಸ. ರೆಕಾರ್ಡ್ ಕಾಪಿ ಮಾಡೋ ಚಾನ್ಸೇ ಇಲ್ಲ. 1831ರಲ್ಲಿ ಅವನು ಐದು ಗಾಜಿನ ಗುಂಡುಗಳನ್ನ ಪೋಣಿಸಿದ ಹಾಗಿರೋ ಒಂದು ಉಪಕರಣ ಮಾಡಿದ. ಒಳಗೆ ಪೊಟ್ಯಾಶ್ ದ್ರಾವಣ. ಯಾವುದೇ ಸಾವಯವ ವಸ್ತುವನ್ನ ಸುಟ್ಟರೆ ಬರೋ ಕಾರ್ಬನ್ ಡೈಆಕ್ಸೈಡ್ ಅದರಲ್ಲಿ ಹೀರಿಕೊಳ್ಳುತ್ತೆ. ಮೊದಲು ಒಂದು ಸಲ, ಆಮೇಲೆ ಒಂದು ಸಲ ತೂಕ ಹಾಕಿದ್ರೆ ಕಾರ್ಬನ್ ಎಷ್ಟಿತ್ತು ಅಂತ ಗೊತ್ತಾಗುತ್ತೆ. ಮಹಾ ಪಂಡಿತರಿಗೆ ಮಾತ್ರ ಆಗ್ತಿದ್ದ ಕೆಲಸ ವಿದ್ಯಾರ್ಥಿಗಳ ಕೈಗೆ ಬಂತು. ಬೇರೆ ಬೇರೆ ದೇಶಗಳಿಂದ ಹುಡುಗರು ಗೀಸೆನ್‌ಗೆ ಬರೋಕೆ ಶುರು ಮಾಡಿದ್ರು. ಆರ್ಕಿಟೆಕ್ಚರ್ ಓದೋಕೆ ಅಂತ ಬಂದ ಒಬ್ಬ ಹುಡುಗ ಲೀಬಿಗ್‌ನ ಕ್ಲಾಸ್ ಕೇಳಿ ಕೆಮಿಸ್ಟ್ರಿಗೆ ಬ್ರಾಂಚ್ ಚೇಂಜ್ ಮಾಡಿಕೊಂಡ. ಅವನೇ ಬೆಂಜೀನ್ ರಿಂಗ್‌ನ ಕೆಕುಲೆ.

ಇದೇ ಸುಡೋದು, ತೂಕ ಹಾಕೋದು ಲೀಬಿಗ್‌ನನ್ನ ಗಿಡಗಳ ಹತ್ತಿರ ಕರೆದುಕೊಂಡು ಹೋಯ್ತು. ಆ ಕಾಲದಲ್ಲಿ ಗಿಡ ಮಣ್ಣಿನ ಕಪ್ಪು ಅಂಶವನ್ನ, ಅಂದ್ರೆ ಕೊಳೆತ ಎಲೆ ಸಗಣಿಯ ಹ್ಯೂಮಸ್ಸನ್ನ ತಿಂದು ಬದುಕುತ್ತೆ ಅಂತ ನಂಬಿಕೆ. 1840ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಲೀಬಿಗ್ ಇದನ್ನ ತಿರುಗಿಸಿ ಹಾಕಿದ. ಗಿಡದ ಕಾರ್ಬನ್ ಬರೋದು ಗಾಳಿಯಿಂದ. ಗಿಡ ಸುಟ್ಟಾಗ ಉಳಿಯೋ ಬೂದಿಯಲ್ಲಿರೋ ಪೊಟ್ಯಾಶ್, ಸುಣ್ಣ, ಫಾಸ್ಫೇಟ್ ಇವು ಮಣ್ಣಿಂದ ಬಂದವು. ಫಸಲು ಕಿತ್ತುಕೊಂಡು ಹೋದಷ್ಟು ಸಲ ಇವೂ ಹೋಗ್ತವೆ, ವಾಪಸ್ ಹಾಕದಿದ್ರೆ ಮಣ್ಣು ಬರಿದಾಗುತ್ತೆ. ಗೊಬ್ಬರ ಚೀಲದ ಮೇಲಿನ ನಂಬರ್‌ನಲ್ಲಿ ಈ ಬೂದಿ ಇನ್ನೂ ಇದೆ. 19:19:19ರಲ್ಲಿ ಮೊದಲ 19 ಮಾತ್ರ ನೇರವಾಗಿ ನೈಟ್ರೋಜನ್. ಎರಡನೆಯದು ಫಾಸ್ಫರಸ್ ಅಲ್ಲ, ಫಾಸ್ಫರಸ್ ಪೆಂಟಾಕ್ಸೈಡ್ ಲೆಕ್ಕ. ಮೂರನೆಯದು ಪೊಟ್ಯಾಸಿಯಂ ಆಕ್ಸೈಡ್ ಲೆಕ್ಕ. ಬೂದಿಯ ಅನಾಲಿಸಿಸನ್ನ ಆಕ್ಸೈಡ್‌ಗಳಲ್ಲಿ ಬರೀತಿದ್ದ ಕಾಲದ ಅಭ್ಯಾಸ ಹಾಗೇ ಉಳಿದುಕೊಂಡಿದೆ. ಮೋಲ್ ಲೆಕ್ಕ ಮಾಡಿ ನೋಡಿ, ಆ ಎರಡನೇ 19ರಲ್ಲಿ ನಿಜವಾದ ಫಾಸ್ಫರಸ್ ಸುಮಾರು 8 ಮಾತ್ರ.

ಅವನ ಹೆಸರಿನ ಜೊತೆ ಯಾವಾಗಲೂ ಬರೋದು ಕನಿಷ್ಠದ ನಿಯಮ. ಗಿಡದ ಬೆಳವಣಿಗೆಯನ್ನ ತೀರ್ಮಾನ ಮಾಡೋದು ಹೆಚ್ಚಿಗೆ ಇರೋ ಪೋಷಕಾಂಶ ಅಲ್ಲ, ಅಗತ್ಯಕ್ಕೆ ಹೋಲಿಸಿದ್ರೆ ಅತಿ ಕಡಿಮೆ ಇರೋದು. ಉದ್ದ ಗಿಡ್ಡ ಹಲಗೆಗಳ ಮರದ ಪೀಪಾಯಿಯ ಚಿತ್ರ ನೀವೂ ನೋಡಿರಬಹುದು, ಎಷ್ಟೇ ನೀರು ಸುರಿದ್ರೂ ಅತಿ ಗಿಡ್ಡ ಹಲಗೆಯ ಮಟ್ಟದಲ್ಲಿ ಹೊರಗೆ ಚೆಲ್ಲುತ್ತೆ. ಈ ಚಿತ್ರ ನಂತರದವರು ಮಾಡಿದ್ದು. ನಿಯಮವನ್ನೇ ಲೀಬಿಗ್‌ಗಿಂತ ಮೊದಲು, 1820ರ ದಶಕದಲ್ಲಿ ಕಾರ್ಲ್ ಸ್ಪ್ರೆಂಗೆಲ್ ಅನ್ನೋ ಇನ್ನೊಬ್ಬ ಜರ್ಮನ್ ಬರೆದಿದ್ದ. ಲೀಬಿಗ್ ಅದನ್ನ ಜೋರು ಧ್ವನಿಯಲ್ಲಿ ಹೇಳಿದ, ಲೋಕ ಕೇಳಿಸಿಕೊಳ್ತು, ಕಂಡೆನ್ಸರ್ ತರಹ ಹೆಸರು ಇವನಿಗೇ ಅಂಟಿಕೊಳ್ತು. ಜರ್ಮನಿಯಲ್ಲಿ ಈಗ ಕೊಡೋ ಒಂದು ಪದಕದಲ್ಲಿ ಇಬ್ಬರ ಹೆಸರೂ ಇದೆ, ಸ್ಪ್ರೆಂಗೆಲ್‌ದೇ ಮೊದಲು.

ನಮ್ಮ ಕುಂಡದ ವಿಷಯಕ್ಕೆ ಇದನ್ನ ಹಾಕಿದ್ರೆ ಹೀಗೆ. ನೈಟ್ರೋಜನ್ ಎಲೆ, ಕಾಂಡ, ಪತ್ರಹರಿತ್ತಿಗೆ ಬೇಕು, ಜಾಸ್ತಿಯಾದ್ರೆ ಗಿಡ ಎಲೆ ಹೊರಡಿಸೋದ್ರಲ್ಲೇ ಮುಳುಗಿ ಹೂವನ್ನ ಮುಂದೂಡುತ್ತೆ. ಪೊಟ್ಯಾಸಿಯಂ ನೀರಿನ ಹತೋಟಿಗೆ, ಕಾಂಡ ಗಟ್ಟಿಯಾಗೋಕೆ. ಫಾಸ್ಫರಸ್ ಬೇರಿಗೆ, ಜೀವಕೋಶದೊಳಗಿನ ಶಕ್ತಿಯ ಸಾಗಾಟಕ್ಕೆ. ಹೂ ಬಿಡದಿದ್ರೆ ಫಾಸ್ಫರಸ್ ಹಾಕಿ ಅಂತ ಎಲ್ಲರೂ ಹೇಳ್ತಾರೆ, ನಾವೂ ಕೊನೆಯ ಎರಡು ವಾರ ಎಲುಬಿನ ಪುಡಿ ತಂದು ಹಾಕಿದ್ವಿ. ಆದ್ರೆ ಆಗಲೇ ಫಾಸ್ಫರಸ್ ಸಾಕಷ್ಟಿರೋ ಕುಂಡಕ್ಕೆ ಇನ್ನಷ್ಟು ಹಾಕಿದ್ರೆ ಹೂ ಜಾಸ್ತಿ ಆಗಲ್ಲ. ತೀರಾ ಅತಿಯಾದ್ರೆ ಕಬ್ಬಿಣ, ಜಿಂಕ್ ಹೀರಿಕೊಳ್ಳೋಕೆ ತೊಂದರೆ. ಬೋರ್‌ವೆಲ್‌ನ ಗಡಸು ನೀರಿನಿಂದ ಮಣ್ಣಿನ ಪಿಎಚ್ ಏರಿದ್ರೂ ಅಷ್ಟೆ. ಕಬ್ಬಿಣ ಮಣ್ಣಲ್ಲಿ ಇದ್ದರೂ ಬೇರಿಗೆ ಸಿಗಲ್ಲ, ಹೊಸ ಎಲೆ ಹಳದಿಯಾಗುತ್ತೆ, ನರ ಮಾತ್ರ ಹಸಿರು. ಆಗ ಯೂರಿಯಾ ಸುರಿಯೋದು ಉದ್ದದ ಹಲಗೆಗೆ ಇನ್ನೊಂದು ಹಲಗೆ ಹೊಡೆದ ಹಾಗೆ.

ಈಗ ಲೀಬಿಗ್ ಎಡವಿದ ಕಥೆ. ಮಳೆ ನೀರಿನಲ್ಲಿ ಅಮೋನಿಯಾ ಇರೋದನ್ನ ಅವನು ಪರೀಕ್ಷೆ ಮಾಡಿ ತೋರಿಸಿದ್ದ. ಹಾಗಾಗಿ ಗಿಡಕ್ಕೆ ಬೇಕಾದ ನೈಟ್ರೋಜನ್ ಗಾಳಿ ಮಳೆಯಿಂದಲೇ ಸಾಕಷ್ಟು ಬರುತ್ತೆ, ಗೊಬ್ಬರದಲ್ಲಿ ಅದನ್ನ ಹಾಕಬೇಕಿಲ್ಲ ಅಂತ ಪಟ್ಟು ಹಿಡಿದ. 1845ರಲ್ಲಿ ಇಂಗ್ಲೆಂಡಿನಲ್ಲಿ ತನ್ನ ಪೇಟೆಂಟ್ ಗೊಬ್ಬರ ಮಾರಾಟಕ್ಕೆ ಬಿಟ್ಟ, ಲಿವರ್‌ಪೂಲ್‌ನ ಮಸ್ಪ್ರ್ಯಾಟ್ ಕಾರ್ಖಾನೆಯಲ್ಲಿ ತಯಾರಿ. ಪೊಟ್ಯಾಶ್, ಫಾಸ್ಫೇಟ್ ಎಲ್ಲ ಸರಿಯಾಗಿತ್ತು. ಆದ್ರೆ ಮಳೆಗೆ ಕೊಚ್ಚಿಹೋಗುತ್ತೆ ಅನ್ನೋ ಭಯಕ್ಕೆ ಎಲ್ಲವನ್ನೂ ಕರಗಿಸಿ ಒಂದು ಮಾಡಿ ಗಾಜಿನಂತೆ ಗಟ್ಟಿ ಮಾಡಿಬಿಟ್ಟಿದ್ದ. ನೀರಿನಲ್ಲಿ ಕರಗದ್ದನ್ನ ಬೇರು ಹೇಗೆ ಕುಡಿಯುತ್ತೆ? ನೈಟ್ರೋಜನ್ ಇಲ್ಲ, ಇದ್ದಿದ್ದೂ ಸಿಗಲ್ಲ. ದುಡ್ಡು ಕೊಟ್ಟು ಹಾಕಿದ ರೈತರಿಗೆ ಏನೂ ಪ್ರಯೋಜನ ಆಗಲಿಲ್ಲ. ಕನಿಷ್ಠದ ನಿಯಮ ಹೇಳಿದವನ ಗೊಬ್ಬರದಲ್ಲೇ ಒಂದು ಹಲಗೆ ಪೂರ್ತಿ ಕಾಣೆ.

ಅದಕ್ಕಿಂತ ನೋವಾಗಿದ್ದು ಅವನ ವಿರುದ್ಧ ಲೆಕ್ಕ ಹಿಡಿದು ನಿಂತವರು ಯಾರು ಅನ್ನೋದು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ ಜಾನ್ ಬೆನೆಟ್ ಲಾಸ್ ಅನ್ನೋ ಜಮೀನ್ದಾರ ತನ್ನ ಹೊಲದಲ್ಲೇ 1843ರಿಂದ ಪ್ರಯೋಗ ನಡೆಸ್ತಿದ್ದ. ಅವನ ಕೆಮಿಸ್ಟ್ ಜೋಸೆಫ್ ಹೆನ್ರಿ ಗಿಲ್ಬರ್ಟ್. ಈ ಗಿಲ್ಬರ್ಟ್ ಓದಿದ್ದು ಎಲ್ಲಿ ಗೊತ್ತಾ? ಗೀಸೆನ್‌ನಲ್ಲಿ, ಲೀಬಿಗ್ ಹತ್ತಿರ. ಗೋಧಿ ಹೊಲದ ಒಂದು ಪಟ್ಟಿಗೆ ಖನಿಜ ಮಾತ್ರ, ಇನ್ನೊಂದಕ್ಕೆ ಅಮೋನಿಯಂ ಲವಣವೂ ಸೇರಿಸಿ, ಮತ್ತೊಂದಕ್ಕೆ ಏನೂ ಇಲ್ಲ. ಹೀಗೆ ವರ್ಷವರ್ಷವೂ ಬೆಳೆದು ತೂಕ ಹಾಕಿದ್ರು. ಖನಿಜ ಮಾತ್ರ ಹಾಕಿದ ಪಟ್ಟಿ ಏನೂ ಹಾಕದ ಪಟ್ಟಿಗಿಂತ ಸ್ವಲ್ಪ ಮೇಲು, ಅಷ್ಟೆ. ಅಮೋನಿಯಂ ಸೇರಿದ ಕಡೆ ಫಸಲು ಎದ್ದು ನಿಂತಿತ್ತು. ತೂಕ ಹಾಕೋದನ್ನ ಕಲಿಸಿದ ಗುರುವಿಗೆ ಶಿಷ್ಯ ತೂಕದ ಲೆಕ್ಕವನ್ನೇ ತೋರಿಸಿದ. ಲೀಬಿಗ್ ಒಪ್ಪಲಿಲ್ಲ. ವರ್ಷಗಟ್ಟಲೆ ಬೈದ, ಬರೆದ, ಅವರಿಗೆ ವಿಜ್ಞಾನವೇ ಗೊತ್ತಿಲ್ಲ ಅನ್ನೋ ಮಟ್ಟಕ್ಕೆ ಹೋದ. ಜಗಳ ಅವನ ಸ್ವಭಾವ. ಪ್ರಾಣ ಸ್ನೇಹಿತ ವೋಲರ್ ಒಮ್ಮೆ ಬುದ್ಧಿ ಹೇಳಿ ಕಾಗದ ಬರೆದಿದ್ದ. 1900ರ ಹೊತ್ತಿಗೆ ನಾವಿಬ್ಬರೂ ಕೊಳೆತು ಕಾರ್ಬಾನಿಕ್ ಆಮ್ಲ, ನೀರು, ಅಮೋನಿಯಾ ಆಗಿರ್ತೀವಿ, ಆಗ ಈ ಜಗಳ ಯಾರಿಗೆ ನೆನಪಿರುತ್ತೆ ಅನ್ನೋದು ಅದರ ಸಾರ. ಗಿಡದ ಊಟದ ಪಟ್ಟಿಯನ್ನೇ ಕೊಟ್ಟು ಸಮಾಧಾನ ಮಾಡಿದ ಸ್ನೇಹಿತ!

1856ರಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಪಕ್ಕದ ಹುಲ್ಲುಗಾವಲಲ್ಲೂ ಇದೇ ತರಹ ಪ್ರಯೋಗ ಶುರು ಮಾಡಿದ್ರು, ಪಾರ್ಕ್ ಗ್ರಾಸ್ ಅಂತ. ಇವತ್ತಿಗೂ ಅದು ನಡೀತಿದೆ. ಹೂವಿನ ವಿಷಯಕ್ಕೆ ನಮಗೆ ತುಂಬಾ ಇಷ್ಟವಾಗಿದ್ದು ಇದು. ಏನೂ ಗೊಬ್ಬರ ಹಾಕದ ತುಂಡಿನಲ್ಲಿ ಹುಲ್ಲು ಗಿಡ್ಡ, ಆದ್ರೆ ಹತ್ತಾರು ಜಾತಿಯ ಕಾಡು ಹೂಗಳು. ಅಮೋನಿಯಂ ಹಾಕಿ ಸುಣ್ಣ ಹಾಕದೆ ಬಿಟ್ಟ ತುಂಡಿನಲ್ಲಿ ಮಣ್ಣು ಹುಳಿಯಾಗಿ ಒಂದೆರಡು ಜಾತಿ ಹುಲ್ಲು ಬಿಟ್ಟು ಉಳಿದೆಲ್ಲ ಮಾಯ. ಇನ್ನು ನೈಟ್ರೋಜನ್ ಇಲ್ಲದೆ ಖನಿಜ ಮಾತ್ರ ಹಾಕಿದ ತುಂಡು, ಅಂದ್ರೆ ಲೀಬಿಗ್ ಹೇಳಿದ ಹಾಗೇ ಮಾಡಿದ್ದು, ಅಲ್ಲಿ ಕ್ಲೋವರ್ ತರಹದ ದ್ವಿದಳ ಗಿಡಗಳು ತುಂಬಿಕೊಂಡು ಹೂ ಬಿಟ್ಟವು. ಅವುಗಳ ಮಟ್ಟಿಗೆ ಲೀಬಿಗ್ ಸರಿ, ಅವಕ್ಕೆ ನೈಟ್ರೋಜನ್ ಗಾಳಿಯಿಂದಲೇ ಬರುತ್ತೆ. ಬೇರಿನ ಗಂಟುಗಳಲ್ಲಿರೋ ಬ್ಯಾಕ್ಟೀರಿಯಾ ಆ ಕೆಲಸ ಮಾಡ್ತವೆ ಅಂತ ಜರ್ಮನಿಯವರೇ ಆದ ಹೆಲ್ರೀಗೆಲ್ ಮತ್ತು ವಿಲ್ಫಾರ್ಟ್ ತೋರಿಸಿದ್ದು 1886ರಲ್ಲಿ. ಅಷ್ಟರಲ್ಲಿ ಲೀಬಿಗ್ ತೀರಿಹೋಗಿ ಹದಿಮೂರು ವರ್ಷ.

1852ರಲ್ಲಿ ಬವೇರಿಯಾದ ರಾಜ ಕರೆದ ಅಂತ ಮ್ಯೂನಿಕ್‌ಗೆ ಹೋದ. ಬ್ಯಾರನ್ ಪದವಿ ಅದಕ್ಕೆ ಮೊದಲೇ ಬಂದಿತ್ತು. ಅಲ್ಲಿ ವಿದ್ಯಾರ್ಥಿಗಳ ಲ್ಯಾಬ್ ಬಿಟ್ಟು ಉಪನ್ಯಾಸ, ಬರವಣಿಗೆ. ಅವನ ಹೆಸರಿನ ಮಾಂಸದ ಸಾರದ ಕಂಪನಿ 1865ರಲ್ಲಿ ಶುರುವಾಗಿ ಉರುಗ್ವೆಯಲ್ಲಿ ಕಾರ್ಖಾನೆ ಹಾಕಿತು, ಗೊಬ್ಬರದಲ್ಲಿ ಹೋದ ದುಡ್ಡು ಹೆಸರು ಇದರಲ್ಲಿ ಬಂತು ಅನ್ನಬಹುದು. ಬೇರೆ ದೇಶದ ಎಲುಬನ್ನೆಲ್ಲ, ಯುದ್ಧಭೂಮಿಯ ಹೆಣಗಳ ಎಲುಬನ್ನೂ ಬಿಡದೆ, ಇಂಗ್ಲೆಂಡ್ ತನ್ನ ಹೊಲಕ್ಕೆ ತಂದು ಸುರೀತಿದೆ ಅಂತ ಅವನು ಸಿಟ್ಟಿನಿಂದ ಬರೆದಿದ್ದಾನೆ. ಇದನ್ನ ಓದಿದ ಮೇಲೆ ಎಲುಬಿನ ಪುಡಿಯ ಪ್ಯಾಕೆಟ್ ಮುಟ್ಟೋಕೆ ನಮ್ಮಲ್ಲಿ ಇಬ್ಬರು ಒಪ್ಪಲಿಲ್ಲ.

ತನ್ನ ಗೊಬ್ಬರ ಯಾಕೆ ಸೋತಿತು ಅನ್ನೋದು ಅವನಿಗೆ ಒಳಗೆ ಕೊರೀತಾನೇ ಇತ್ತು. 1850ರಲ್ಲಿ ಥಾಮಸ್ ವೇ ಅನ್ನೋ ಇಂಗ್ಲಿಷ್ ಕೆಮಿಸ್ಟ್ ಒಂದು ಪ್ರಯೋಗ ಪ್ರಕಟಿಸಿದ್ದ. ಅಮೋನಿಯಾ, ಪೊಟ್ಯಾಶ್ ಇರೋ ನೀರನ್ನ ಮಣ್ಣಿನ ಮೂಲಕ ಸೋಸಿದ್ರೆ ಮಣ್ಣು ಅವನ್ನ ಹಿಡಿದಿಟ್ಟುಕೊಳ್ಳುತ್ತೆ, ಬದಲಿಗೆ ಸುಣ್ಣದ ಅಂಶ ಹೊರಗೆ ಬಿಡುತ್ತೆ. ನಾವು ವಾಟರ್ ಸಾಫ್ಟನಿಂಗ್ ಚಾಪ್ಟರ್‌ನಲ್ಲಿ ಓದೋ ಅಯಾನ್ ಎಕ್ಸ್‌ಚೇಂಜ್ ಇದೇ. ಅಂದ್ರೆ ಲೀಬಿಗ್ ಹೆದರಿದಷ್ಟು ಕೊಚ್ಚಿಹೋಗೋದೇ ಇಲ್ಲ, ಗಾಜು ಮಾಡೋ ಅಗತ್ಯವೇ ಇರಲಿಲ್ಲ. 1862ರಲ್ಲಿ ಬಂದ ತನ್ನ ಪುಸ್ತಕದ ಏಳನೇ ಆವೃತ್ತಿಯಲ್ಲಿ ಅವನು ಈ ತಪ್ಪನ್ನ ಬಹಿರಂಗವಾಗಿ ಬರೆದ. ಮಣ್ಣಿಗೆ ಆಗಲೇ ಇದ್ದ ಜಾಣತನವನ್ನ ತಿದ್ದೋಕೆ ಹೋಗಿ ಶಿಕ್ಷೆ ಅನುಭವಿಸಿದೆ ಅನ್ನೋ ಅರ್ಥದ ಮಾತು. ಅರವತ್ತರ ಹತ್ತಿರದ, ಲೋಕಪ್ರಸಿದ್ಧ ಮನುಷ್ಯ ಹೀಗೆ ಅಚ್ಚು ಹಾಕಿಸಬೇಕಾದ್ರೆ ಸುಲಭ ಅಲ್ಲ. ಆದ್ರೆ ನೈಟ್ರೋಜನ್ ವಿಷಯದಲ್ಲಿ ಲಾಸ್, ಗಿಲ್ಬರ್ಟ್ ಸರಿ ಅಂತ ಅಷ್ಟೇ ನೇರವಾಗಿ ಹೇಳಲಿಲ್ಲ. ಮಣ್ಣಿಗೆ ಸೋತೆ ಅನ್ನೋದು ಸುಲಭ, ಶಿಷ್ಯನಿಗೆ ಸೋತೆ ಅನ್ನೋದು ಕಷ್ಟ ಇರಬೇಕು. 1873ರ ಏಪ್ರಿಲ್ 18ರಂದು ಮ್ಯೂನಿಕ್‌ನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಗೀಸೆನ್‌ನ ಆ ಹಳೇ ಲ್ಯಾಬ್ ಈಗ ಮ್ಯೂಸಿಯಂ.

ಇನ್ನು ನಮ್ಮ ಸೇವಂತಿಗೆ. ಯೂರಿಯಾ ಜಾಸ್ತಿ ಆಗಿದ್ದು ನಿಜ, ಆದ್ರೆ ಅದೊಂದೇ ಕಾರಣ ಅಲ್ಲ. ಸೆಪ್ಟೆಂಬರ್‌ನಲ್ಲೇ ಮಾಲಿ ಅಣ್ಣ ಕುಂಡಗಳನ್ನ ಅಲ್ಲಿಂದ ತೆಗೆದು ವಾಟರ್ ಟ್ಯಾಂಕ್ ಹಿಂದೆ ಇಡ್ರಪ್ಪಾ ಅಂತ ಎರಡು ಸಲ ಹೇಳಿದ್ರು. ಕಟ್ಟೆ ಗುಡಿಸೋಕೆ ಅಡ್ಡ ಆಗುತ್ತೆ ಅಂತ ಹೇಳ್ತಿದ್ದಾರೆ ಅಂದುಕೊಂಡು ನಾವು ತಲೆಗೇ ಹಾಕಿಕೊಳ್ಳಲಿಲ್ಲ. ಕಟ್ಟೆ ಮೇಲೆ ನೇರವಾಗಿ ಬೀಳೋ ಫ್ಲಡ್‌ಲೈಟ್ ಇದೆ, ಸಂಜೆ ಆರರಿಂದ ಬೆಳಗಿನವರೆಗೆ ಉರಿಯುತ್ತೆ. ಸೇವಂತಿಗೆ ಮೊಗ್ಗು ಕಟ್ಟಬೇಕಾದ್ರೆ ದಿನಾ ಉದ್ದದ, ಅಡ್ಡಿಯಿಲ್ಲದ ಕತ್ತಲು ಬೇಕು. ರಾತ್ರಿ ಬೆಳಕು ಬಿದ್ರೆ ಅದು ಇನ್ನೂ ಬೇಸಿಗೆ ಅಂದುಕೊಂಡು ಎಲೆ ಬಿಡ್ತಾನೇ ಹೋಗುತ್ತೆ. ಹೂ ತಡವಾಗಿ ಬೇಕು ಅನ್ನೋ ಬೆಳೆಗಾರರು ಬೇಕಂತಲೇ ರಾತ್ರಿ ಬಲ್ಬ್ ಹಾಕ್ತಾರೆ. ನಮ್ಮ ಪೀಪಾಯಿಯ ಗಿಡ್ಡ ಹಲಗೆ ಗೊಬ್ಬರದ ಚೀಲದಲ್ಲಿ ಇರಲೇ ಇಲ್ಲ, ಅದು ಕತ್ತಲು. ಮಾಲಿ ಅಣ್ಣನಿಗೆ ಇದು ಗೊತ್ತಿತ್ತು, ಕಾರಣ ಕೇಳಿದ್ರೆ ಹೇಳ್ತಿದ್ರು. ನಾವು ಕೇಳಲಿಲ್ಲ.

ನವೆಂಬರ್ ಮೊದಲ ವಾರ ಎಲ್ಲ ಕುಂಡಗಳನ್ನೂ ಟ್ಯಾಂಕ್ ಹಿಂದೆ ಸಾಗಿಸಿದ್ವಿ, ಯೂರಿಯಾ ನಿಲ್ಲಿಸಿದ್ವಿ. ಡಿಸೆಂಬರ್‌ನಲ್ಲಿ ಬಟಾಣಿ ಗಾತ್ರದ ಮೊಗ್ಗು ಕಾಣಿಸ್ತು. ಹೂ ಅರಳಿದ್ದು ಸಂಕ್ರಾಂತಿ ಹೊತ್ತಿಗೆ, ನಾವೆಲ್ಲ ಊರಿಗೆ ಹೋಗಿದ್ವಿ. ಮಾಲಿ ಅಣ್ಣ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ರು, ಹಳದಿ ಮತ್ತು ಕೆಂಪು ಎರಡೂ ಬೆರೆತು ಹೋಗಿದ್ವು, ಸಾಗಿಸೋವಾಗ ನಾವು ಸಾಲು ನೋಡಿ ಇಟ್ಟಿರಲಿಲ್ಲ. ಈ ಸಲದ ಸಸಿಗಳು ಟ್ಯಾಂಕ್ ಹಿಂದೆಯೇ ಇವೆ. ರಾತ್ರಿ ಓದಿ ಮುಗಿಸಿ ಆ ಕಡೆ ಹೋಗೋರು ದಯವಿಟ್ಟು ಮೊಬೈಲ್ ಟಾರ್ಚ್ ಹಾಕಬೇಡಿ.